ಕಿವಿಗೊಂದು ಪಥ್ಯ

ತಮ್ಮನಿಗೆ ಮರದ ಮಿಲ್ಲಿನಲ್ಲಿ ದೊಡ್ಡ ಗರಗಸದ ಮುಂದೆ ನಿಲ್ಲುವ ಕೆಲಸ. ಅಕ್ಕ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಹೆಂಡತಿ ತೀರಿಕೊಂಡ ಮೇಲೆ ಅವನು ಅಕ್ಕನ ಮನೆಯ ಮಹಡಿಗೆ ಬಂದು ಸೇರಿದ್ದ. ಊಟ ಮಾತ್ರ ಕೆಳಗೆ, ಅಕ್ಕನ ಜೊತೆ.

ಅವನ ಟಿವಿಯ ಸದ್ದು ದಿನೇ ದಿನೇ ಏರುತ್ತಿರುವುದನ್ನು ಗಮನಿಸಿದವಳು ಅವಳೇ. ಅದೇ ಹೊತ್ತಿಗೆ ಅಂಗಡಿಗೊಂದು ಕರಪತ್ರ ಬಂತು. ಎ, ಸಿ, ಇ ವಿಟಮಿನ್ನುಗಳು ಸೇರಿದರೆ ಗದ್ದಲದ ಹೊಡೆತದಿಂದ ಕಿವಿಯನ್ನು ಕಾಪಾಡಬಲ್ಲವು ಎಂದಿತ್ತು. ಪರೀಕ್ಷೆ ನಡೆದದ್ದು ಪ್ರಾಣಿಗಳ ಮೇಲೆ, ಮನುಷ್ಯರಲ್ಲಿ ಇನ್ನೂ ಖಚಿತವಾಗಿಲ್ಲ ಎಂದು ಕೆಳಗೆ ಸಣ್ಣಕ್ಷರದಲ್ಲಿತ್ತು. ಅದನ್ನೂ ಅವಳು ಓದಿದ್ದಳು.

ಅಂದಿನಿಂದ ತಟ್ಟೆ ತುಂಬ ಕ್ಯಾರೆಟ್ಟು, ಸೊಪ್ಪು, ಕಿತ್ತಳೆ. ಊಟದ ಕೊನೆಗೆ ಮಾತ್ರೆ.

"ನನ್ನನ್ನ ಮೊಲ ಮಾಡಿಬಿಟ್ಟೆ ಕಣಕ್ಕ."

"ಮೊಲದ ಕಿವಿ ಎಷ್ಟು ಚುರುಕು ಗೊತ್ತಾ? ಸುಮ್ನೆ ತಿನ್ನು."

ಒಂದು ಮಧ್ಯಾಹ್ನ ಅವನು ಮರೆತು ಬಿಟ್ಟಿದ್ದ ಬುತ್ತಿ ಕೊಡಲು ಮಿಲ್ಲಿಗೆ ಹೋದಳು. ಗರಗಸ ಕಿರುಚುತ್ತಿತ್ತು. ಅವನ ಕಿವಿಗಳ ಮೇಲೆ ಏನೂ ಇರಲಿಲ್ಲ. ಸದ್ದು ತಡೆಯಲು ಮಿಲ್ಲಿನವರು ಕೊಟ್ಟ ಕಿವಿಮುಚ್ಚಳ ಕಂಬದ ಮೊಳೆಗೆ ಜೋತುಬಿದ್ದಿತ್ತು.

"ಬೆವರಿಗೆ ತುರಿಕೆ ಬರುತ್ತೆ. ಹೇಗೂ ನಿನ್ನ ಮಾತ್ರೆ ಇದೆಯಲ್ಲ!" ಎಂದು ನಕ್ಕ.

ಅವಳಿಗೆ ಒಳಗೊಳಗೇ ಹೆಮ್ಮೆಯಾಯಿತು. ಹಾಕಿಕೋ ಎನ್ನದೆ ಬುತ್ತಿ ಕೊಟ್ಟು ಬಂದಳು.

ಎರಡು ವರ್ಷದ ನಂತರ, ಹಿಂದಿನಿಂದ ಬಂದ ಲಾರಿಯ ಹಾರನ್ನು ಅವನಿಗೆ ಕೇಳಲಿಲ್ಲ. ಕೂದಲೆಳೆಯ ಅಂತರದಲ್ಲಿ ಪಾರಾದ. ಅಕ್ಕ ಆಸ್ಪತ್ರೆಗೆ ಕರೆದೊಯ್ದಳು. ಪರೀಕ್ಷೆ ಮುಗಿದು, ಸೊಪ್ಪು, ಮಾತ್ರೆಯ ವಿಷಯವನ್ನೆಲ್ಲ ಕೇಳಿದ ಮೇಲೆ ಡಾಕ್ಟರಮ್ಮ ಅವಳಿಗೇ ಹೇಳಿದರು: "ಹೋಗಿರೋದು ವಾಪಸ್ ಬರಲ್ಲ. ಸೊಪ್ಪು, ಹಣ್ಣು ಒಳ್ಳೇದೇ, ತಿನ್ಲಿ. ಆದ್ರೆ ಅದನ್ನ ನಂಬ್ಕೊಂಡು ಗರಗಸದ ಮುಂದೆ ಬರೀ ಕಿವೀಲಿ ನಿಲ್ಲೋದಾ? ಹೇಳೋರು ಯಾರೂ ಇರ್ಲಿಲ್ವಾ?"



ಮೂರು ದಿನ ಅವಳಿಗೆ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಮಹಡಿ ಹತ್ತಿ, "ಆ ಮಾತ್ರೆಯ ಕರಪತ್ರದಲ್ಲಿ ಖಚಿತ ಇಲ್ಲ ಅಂತ ಬರೆದಿತ್ತು. ನಾನು ಓದಿದ್ದೆ. ನಿನಗೆ ಹೇಳಲಿಲ್ಲ" ಎಂದಳು.

"ಏನು?"

ಮತ್ತೆ ಹೇಳಿದಳು. ಅವನು ಕಿವಿಗೆ ಕೈ ಹಿಡಿದ. ಮೂರನೆಯ ಸಲ ಕೂಗಿಯೇ ಹೇಳಬೇಕಾಯಿತು. ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು.

"ಮಿಲ್ಲಿಗೆ ಬಂದಾಗ ಒಂದು ಮಾತು ಹೇಳಬಹುದಿತ್ತಲ್ಲಕ್ಕ. ನೀನು ಹೇಳಿದ್ರೆ ಹಾಕ್ಕೋತಿದ್ದೆ."

ಮಿಲ್ಲಿನವರು ಅವನನ್ನು ಅಂಗಳದಲ್ಲಿ ದಿಮ್ಮಿ ಅಳೆಯುವ ಕೆಲಸಕ್ಕೆ ಹಾಕಿದರು. ಎಡಗಿವಿಗೆ ಶ್ರವಣಯಂತ್ರ ಬಂತು. ಒಂದೂವರೆ ತಿಂಗಳು ಅವನು ಮಹಡಿಯಲ್ಲೇ ಬೇಯಿಸಿಕೊಂಡು ತಿಂದ. ಆಮೇಲೊಂದು ಸಂಜೆ ತಾನಾಗಿಯೇ ಇಳಿದು ಬಂದು ತಟ್ಟೆ ಹಾಕಿಕೊಂಡು ಕೂತ. ಅಕ್ಕ ಬಡಿಸಿದಳು. ಹೇಗಿದೆ ಎಂದು ಕೇಳಬೇಕೆನ್ನಿಸಿತು, ಧೈರ್ಯ ಸಾಲಲಿಲ್ಲ.

"ಉಪ್ಪು ಕಮ್ಮಿ" ಎಂದ ಅವನು, ಅಗತ್ಯಕ್ಕಿಂತ ಜೋರಾಗಿ.