ಪಾಂಡಪ್ಪನ ಬಿಸ್ಕಿಟ್ ಮಷಿನ್

ಬಾಗಲಕೋಟೆಯ ಸರ್ವಿಸ್ ಸೆಂಟರಿನಲ್ಲಿ ಟೈ ಕಟ್ಟಿಕೊಂಡು ಕೂತಿದ್ದವನು ಮಷಿನ್ನಿನ ಗುಂಡಿ ಒತ್ತಿದ. ಅದು ಗರ್ರೆಂದಿತು. "ಚಲೋ ಐತಲ್ರಿ, ಏನಾಗೇತಿ ಇದಕ್ಕ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಫೋನಿನಲ್ಲಿ ಮುಖ ಹುದುಗಿಸಿದ. ಒಂದು ಸ್ಕ್ರೂ ಬಿಚ್ಚಲು ಬಾರದವನ ಕುತ್ತಿಗೆಗೆ ಟೈ ಯಾಕೆ, ದನದ ಹಗ್ಗ ಸಾಕಿತ್ತು ಎಂದುಕೊಂಡು ಪಾಂಡಪ್ಪ ಮಷಿನ್ನನ್ನು ಚೀಲಕ್ಕೆ ಹಾಕಿ ಎದ್ದ.

ಗುಳೇದಗುಡ್ಡದಲ್ಲಿ ಅವನದು ಬಾಗಿಲು, ಟೇಬಲ್ಲು, ಕಪಾಟು ಮಾಡುವ ಅಂಗಡಿ. ಕುರಿ ಕಾಯ್ದ ಮನೆತನದಲ್ಲಿ ಕಟ್ಟಿಗೆ ಕೆಲಸಕ್ಕೆ ಇಳಿದವನು ಅವನೊಬ್ಬನೇ. ಉಳಿ ಅವನ ಕೈಗೆ ಒಗ್ಗಲಿಲ್ಲ. ಒಗ್ಗಬೇಕಾದ ಜರೂರೂ ಇಲ್ಲವೆಂದು ಹೋದ ವರ್ಷ ಈ ಮಷಿನ್ ತಂದ. ಅದು ಹಲಗೆಯ ಅಂಚಿನಲ್ಲಿ ಅರ್ಧಚಂದ್ರದಂಥ ಸೀಳು ಕೊರೆಯುತ್ತದೆ. ಎರಡು ಹಲಗೆಗಳ ಸೀಳಿಗೆ ಅಂಟು ಸವರಿ, ನಡುವೆ ಬಿಸ್ಕಿಟಿನಂಥ ತೆಳ್ಳನೆಯ ಕಟ್ಟಿಗೆ ಬಿಲ್ಲೆ ಇಟ್ಟು ಒತ್ತಿದರೆ ಮುಗಿಯಿತು, ಎರಡೂ ಒಂದೇ ಹಲಗೆ. ತಲೆಮಾರುಗಳಿಂದ ಉಳಿ ಬಡಿಯುತ್ತ ಬಂದ ಬಡಿಗೇರರನ್ನು ಕಂಡರೆ ಅವನಿಗೆ ಅಂದಿನಿಂದ ನಗು. ಅವರಲ್ಲೇ ಒಬ್ಬನನ್ನು, ಆನಂದನನ್ನು, ಕೆಲಸಕ್ಕೂ ಇಟ್ಟುಕೊಂಡ. ಹಲಗೆ ಹಿಡಿಯಲು.

ಈಚೆಗೆ ಜೋಡಿಸಿದ ಹಲಗೆಗಳು ಒಂದು ಮೇಲೆ, ಒಂದು ಕೆಳಗೆ ಕೂಡತೊಡಗಿದ್ದವು. ಬಾದಾಮಿಯಲ್ಲಿ ಹೊಸ ಖಾನಾವಳಿ ತೆರೆಯಲಿದ್ದ ಸುಧಾರಾಣಿ, ತನಗಾಗಿ ಮಾಡಿದ ಮೊದಲ ಟೇಬಲ್ಲಿನ ಮೇಲೆ ಬೆರಳಾಡಿಸಿ, "ಪಾಂಡಪ್ಪಾರ, ನಾ ಹೇಳಿದ್ದು ಟೇಬಲ್ರಿ, ಪಾವಟಿಗಿ ಅಲ್ಲ" ಅಂದಿದ್ದಳು. ಸೋಮವಾರದೊಳಗೆ ಎಂಟೂ ಟೇಬಲ್ಲು ಸಪಾಟಾಗಿ ಬರದಿದ್ದರೆ ಕೆಲಸ ಬೇರೆಯವರಿಗೆ.

ಆನಂದ ಅವತ್ತೇ ಹೇಳಿದ್ದ. "ಅಣ್ಣಾ, ಮಷಿನ್ ಸಮ ಕೂಡವಲ್ದು. ಒಮ್ಮೆ ಮೂಲಿಮಟ್ಟ ಹಚ್ಚಿ ನೋಡು."

"ಫಾರಿನ್ ಮಷಿನ್ ತಪ್ಪತೈತಿ, ನಿನ್ನ ಕೈ ತಪ್ಪಂಗಿಲ್ಲ? ಕುಡದ ಬಂದೀಯೇನಲೇ?"

ಹುಟ್ಟಿದಾಗಿನಿಂದ ಸೆರೆ ಮುಟ್ಟದ ಆನಂದ ಹಲಗೆ ಕೆಳಗಿಟ್ಟು ಮನೆಗೆ ಹೋದ. ಎರಡನೆಯ ಟೇಬಲ್ಲನ್ನು ಪಾಂಡಪ್ಪ ಒಬ್ಬನೇ ಮಾಡಿದ. ಅದಕ್ಕೂ ಮೆಟ್ಟಿಲಿನಂಥ ಪಾವಟಿಗೆ ಬಂತು. ಆಗ ಮಷಿನ್ನಿಗೆ ಏನೋ ಆಗಿದೆಯೆಂದು ಒಪ್ಪಿಕೊಂಡ. ಆನಂದನ ವಿಷಯದಲ್ಲಿ ಏನನ್ನೂ ಒಪ್ಪಿಕೊಳ್ಳಲಿಲ್ಲ.

ಸರ್ವಿಸ್ ಸೆಂಟರಿನ ಹೊರಗೆ ಚಹಾ ಮಾರುವವನು, "ಇವರು ಆಗಂಗಿಲ್ಲ ಅಂದದ್ದೆಲ್ಲಾ ಇಳಕಲ್ಲಿನ ಸುಭಾನಸಾಬರ ಹಂತ್ಯಾಕ ಹೋಗತೈತ್ರಿ" ಎಂದ. ಹುನಗುಂದದಲ್ಲಿ ಬಸ್ಸು ಬದಲಿಸಿ, ಆ ಡ್ರೈವರನನ್ನೂ ಈ ಕಂಡಕ್ಟರನನ್ನೂ ಮನಸ್ಸಿನಲ್ಲೇ ಬೈದು, ಮಧ್ಯಾಹ್ನ ಇಳಕಲ್ಲಿಗೆ ಇಳಿದ.

ಸುಭಾನಸಾಬರದು ಗ್ರಾನೈಟ್ ಕತ್ತರಿಸುವ ಮಷಿನ್ನುಗಳ ರಿಪೇರಿ. ಬಿಳಿ ಗಡ್ಡದ ಮುದುಕ. ಅಂಗಡಿ ತುಂಬ ಕಲ್ಲಿನ ಧೂಳು.

"ಸಾಬ್ರ, ಇದು ಕಟ್ಟಿಗಿ ಮಷಿನ್, ಕಲ್ಲಿಂದಲ್ಲ. ತಿಳೀತಿದ್ರ ಅಷ್ಟ ಬಿಚ್ರಿ."

"ಏನಂತಾರ್ರೀ ಇದಕ್ಕ?"

"ಬಿಸ್ಕಿಟ್ ಮಷಿನ್."

"ಹಂಗಾರ ಚಾ ತರಸ್ಲೇನು?" ಎಂದು ಮುದುಕ ಒಬ್ಬನೇ ನಕ್ಕ.

ಅವನು ಮಷಿನ್ನನ್ನು ಚಾಲೂ ಮಾಡಲೂ ಇಲ್ಲ, ಮೋಟರು ಬಿಚ್ಚಲೂ ಇಲ್ಲ. ಹಲಗೆಯ ಮೇಲೆ ಕೂಡುವ ಅದರ ಮುಂದಿನ ತಟ್ಟೆಯನ್ನು ಕಳಚಿ, ಪಾಲಿಶ್ ಮಾಡಿದ ಕೆಂಪು ಕಲ್ಲಿನ ಮೇಲೆ ಬೋರಲು ಇಟ್ಟ. ಒಂದು ಮೂಲೆಯನ್ನು ಬೆರಳಿನಿಂದ ಒತ್ತಿದ. ಟಕ್. ಇನ್ನೊಂದು ಮೂಲೆ. ಟಕ್. ಕಾಲು ಸಣ್ಣದಾದ ಕುರ್ಚಿಯ ಹಾಗೆ ತಟ್ಟೆ ಅಲುಗಾಡಿತು.

"ಕಲ್ಲಿನಷ್ಟು ಸಪಾಟ ಯಾವುದೂ ಇಲ್ರಿ, ಕಟ್ಟಿಗಿಯವ್ರ" ಎಂದು ಮುದುಕ ತಟ್ಟೆ ಮಗುಚಿದ. ಬಲಮೂಲೆಯಲ್ಲಿ ಹಳದಿ ಬಣ್ಣದ ಹೆಕ್ಕಳೆ, ಸಿಮೆಂಟಿನ ಹಾಗೆ ಗಟ್ಟಿ.

ಪಾಂಡಪ್ಪನ ಕಿವಿ ಬಿಸಿಯಾದವು. ಅಮಾಸಿಗೆ ಅಂಗಡಿ ಮುಚ್ಚಿ ಮಷಿನ್ನಿಗೆ ಪೂಜೆ ಮಾಡುವವನು ಅವನೇ. ಮನೆದೇವರು ಬೀರಪ್ಪನ ಭಂಡಾರವನ್ನು, ಆ ಅರಿಷಿಣ ಪುಡಿಯನ್ನು, ಎಣ್ಣೆಯಲ್ಲಿ ಕಲಸಿ ಹೆಬ್ಬೆರಳಿನಿಂದ ಒತ್ತುತ್ತಿದ್ದ. ಮೇಲೆ ಹಚ್ಚಿದರೆ ಕಂಪನಿಯ ಹೆಸರು ಮುಚ್ಚಿಹೋಗುತ್ತದೆ. ಅದಕ್ಕೆ ಕೆಳಗೆ, ಬಲಮೂಲೆಗೆ. ಪ್ರತಿ ಅಮಾಸಿಗೆ ಒಂದರ ಮೇಲೊಂದು. ಎಣ್ಣೆ, ಕಟ್ಟಿಗೆ ಪುಡಿ, ಭಂಡಾರ ಎಲ್ಲ ಕೂಡಿ ಆ ಮೂಲೆ ಎದ್ದಿತ್ತು, ಸೀಳು ಓರೆಯಾಗಿತ್ತು.

ಸುಭಾನಸಾಬ ಬ್ಲೇಡಿನಿಂದ ಹೆಕ್ಕಳೆಯನ್ನು ಕೆರೆದ. ಪುಡಿಯನ್ನು ನೆಲಕ್ಕೆ ಬೀಳಗೊಡದೆ ಕಾಗದದಲ್ಲಿ ಹಿಡಿದು, ಮಡಚಿ ಪಾಂಡಪ್ಪನ ಕೈಗಿಟ್ಟ. "ದೇವ್ರದ್ದು. ಕಾಲಾಗ ಬೀಳಬಾರ್ದು." ತಟ್ಟೆಯನ್ನು ಮತ್ತೆ ಕಲ್ಲಿನ ಮೇಲಿಟ್ಟು ಒತ್ತಿದ. ಸಪ್ಪಳವಿಲ್ಲ.

"ಎಷ್ಟಾತ್ರಿ?"

"ಕೆರದದ್ದಕ್ಕ ಏನ ತಗೋಳಾಕ ಬರತೈತಿ? ಹೋಗ್ರಿ, ಹೋಗ್ರಿ."

ಆ 'ಹೋಗ್ರಿ' ಅವನಿಗೆ ಟೈ ಕಟ್ಟಿದವನ ಮಾತಿಗಿಂತ ಹೆಚ್ಚು ಚುಚ್ಚಿತು. ಬಸ್ ಸ್ಟ್ಯಾಂಡಿನಿಂದ ಆನಂದನಿಗೆ ಫೋನ್ ಹಚ್ಚಿದ. ಒಬ್ಬನಿಂದ ಎಂಟು ಟೇಬಲ್ಲು ಆಗುವ ಮಾತಲ್ಲ.

"ಮಷಿನ್ ರಿಪೇರಿ ಆತು. ನಾಳಿ ಬಾ."

"ಏನಾಗಿತ್ತು?"

"ಬೇರಿಂಗ್ ಹೋಗಿತ್ತು."

"ಬೇರಿಂಗ್ ಹೋದ್ರ ಮಷಿನ್ ಒದರತೈತಿ. ಅದು ಒದರತಿದ್ದಿಲ್ಲ. ನೀ ಒದರತಿದ್ದಿ." ಫೋನ್ ಕಟ್ಟಾಯಿತು.

ಸಂಜೆ ಗುಳೇದಗುಡ್ಡದಲ್ಲಿ ಇಳಿದು, ಅಂಗಡಿಗೆ ಹೋಗದೆ, ಆನಂದನ ಕಟ್ಟೆಯ ಮುಂದೆ ನಿಂತ. ಆನಂದ ಕೂತಲ್ಲಿಂದ ಏಳಲಿಲ್ಲ. ಪಾಂಡಪ್ಪ ಕಾಗದ ಬಿಚ್ಚಿ ಕಟ್ಟೆಯ ಮೇಲಿಟ್ಟ. ಚೂರುಗಳಲ್ಲಿ ದೊಡ್ಡದೊಂದರ ಮೇಲೆ ಹೆಬ್ಬೆರಳ ಗೆರೆಗಳು ಇನ್ನೂ ಹಾಗೇ ಇದ್ದವು.

ಆನಂದ ಅದನ್ನು ಎತ್ತಿ ಬೆಳಕಿಗೆ ಹಿಡಿದ. "ತಟ್ಟಿ ಕೆಳಗ ಇತ್ತೇನಿದು?"

"ಹೂಂ."

"ಹಚ್ಚಿದವ್ರು ಯಾರು?"

"ನಾ." ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿ, "ನೀ ಕುಡದಿದ್ದಿಲ್ಲ" ಎಂದ.

"ಅದು ನನಗ ಗೊತ್ತೈತಿ." ಆನಂದ ಚೂರನ್ನು ಕಾಗದಕ್ಕೆ ಹಾಕಿ ಮಡಚಿ ತನ್ನ ಜೇಬಿನಲ್ಲಿಟ್ಟುಕೊಂಡ. "ಇನ್ನ ಮ್ಯಾಲೆ ಅಮಾಸಿ ಪೂಜಿ ನಾ ಮಾಡ್ತೇನಿ. ಮಷಿನ್ನೂ ನಾನ ಹಿಡೀತೇನಿ. ನೀ ಹಲಗಿ ಹಿಡಿ."

ಪಾಂಡಪ್ಪ ಚೀಲವನ್ನು ಅವನ ಕೈಗೆ ಕೊಟ್ಟ. ಇಬ್ಬರೂ ಅಂಗಡಿಯ ಕಡೆ ಹೊರಟರು, ಆನಂದ ಮುಂದೆ, ಅವನು ಹಿಂದೆ. ನಡೆಯುವುದು ನೋಡು, ಕೋಳಿ ನಡೆದ ಹಾಗೆ, ಎಂದುಕೊಂಡ ಪಾಂಡಪ್ಪ. ಆದರೆ ಬಾಯಿ ಬಿಡಲಿಲ್ಲ.