ಒದ್ದೆ ಮೂಲೆ

ಒಂಬತ್ತನೆಯ ಅರ್ಥ ಬರೆಯುವಷ್ಟರಲ್ಲಿ ಸೀಮೆಸುಣ್ಣ ಮುರಿದು ಎರಡಾಯಿತು. ಟೀಚರ್ ಹುಡುಗಿ ತುಂಡನ್ನು ಎತ್ತಿಕೊಳ್ಳಲು ಬಗ್ಗಿದಳು. ಬಗ್ಗಿದ್ದಷ್ಟು ಹೊತ್ತು ಯಾರ ಮುಖವನ್ನೂ ನೋಡಬೇಕಾಗಿಲ್ಲವಲ್ಲ ಎಂದು ಇನ್ನೊಂದು ಗಳಿಗೆ ಹಾಗೇ ಇದ್ದಳು.

ಅದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ, ಒಣಗಿದ್ದನ್ನು ಮಡಿಸಿಡುವ ಕೋಣೆ. ಗೋಡೆಗೆ ತಾಗಿ ಬಿಳಿ ಹಾಸುಗಳ ಅಟ್ಟಿ, ಮೂಲೆಯಲ್ಲಿ ನಲ್ಲಿ, ನಡುವೆ ಉದ್ದನೆಯ ಮೇಜು, ಅದರ ಸುತ್ತ ಊಟ ಮುಗಿಸಿ ಬಂದು ಕೂತ ಹನ್ನೊಂದು ಹೆಂಗಸರು. ಹೊಸ ಮೆಷೀನುಗಳು ಬಂದಿದ್ದವು. ಗುಂಡಿಗಳ ಮೇಲೆಲ್ಲ ಇಂಗ್ಲಿಷ್, ಮೊದಲನೆಯದರ ಮೇಲೇ ‘ರನ್’. ಅದಕ್ಕೇ ಊಟದ ಬಿಡುವಿನಲ್ಲಿ ಅರ್ಧ ಗಂಟೆ ಈ ಪಾಠ.

ಹಿಂದಿನ ಕುರ್ಚಿಯಲ್ಲಿ ಮ್ಯಾನೇಜರಮ್ಮ ತೊಡೆಯ ಮೇಲೆ ಒಂದು ಹಾಳೆ ಇಟ್ಟುಕೊಂಡು ಕೂತಿದ್ದರು. ಪಾಠ ಮಾಡಿ ತೋರಿಸಲು ಹುಡುಗಿಗೆ ಕೊಟ್ಟ ಒಂದು ವಾರದ ಗಡುವು ಇವತ್ತಿಗೆ ಮುಗಿಯುತ್ತಿತ್ತು. ಅವರು ಸಹಿ ಹಾಕಿದರೆ ಸೋಮವಾರದಿಂದ ಕೆಲಸ ಅವಳದು. ಇಲ್ಲದಿದ್ದರೆ ಮತ್ತೆ ಅದೇ ಮನೆ, ಅದೇ ಕಿಟಕಿ. ಡಿಗ್ರಿ ಮುಗಿದ ಎರಡು ವರ್ಷಗಳಲ್ಲಿ ಐದು ಸಂದರ್ಶನ ಆಗಿದ್ದವು. ಐದರಲ್ಲೂ ಗೊತ್ತಿದ್ದ ಉತ್ತರ ಗಂಟಲಿನಿಂದ ಮೇಲೆ ಬಂದಿರಲಿಲ್ಲ. "ಬಾಯಲ್ಲಿ ಬೆರಳಿಟ್ರೂ ಕಚ್ಚೋದಿಲ್ಲ ಇವಳು" ಎನ್ನುತ್ತಿದ್ದ ಅಕ್ಕನೇ ಬೆಳಿಗ್ಗೆ ಹೊಸ ಕಡುನೀಲಿ ಕರವಸ್ತ್ರವೊಂದನ್ನು ಕೈಗಿಟ್ಟು ಕಳಿಸಿದ್ದಳು. ಅದೀಗ ಎಡ ಮುಷ್ಟಿಯೊಳಗೆ ಬೆವರಿಗೆ ತೊಯ್ದು ಉಂಡೆಯಾಗಿತ್ತು.

ಆ ‘ರನ್’ ಒಂದಕ್ಕೇ ನಿಘಂಟಿನಿಂದ ಇಪ್ಪತ್ತಮೂರು ಅರ್ಥ ಹೆಕ್ಕಿ ತಂದಿದ್ದಳು. ಒಂದನ್ನು ಬಿಟ್ಟರೂ ಅದನ್ನೇ ಕೇಳಿಬಿಟ್ಟರೆ ಎಂಬ ಭಯ. ಹದಿನಾಲ್ಕನೆಯದಕ್ಕೆ ಬೋರ್ಡು ತುಂಬಿತು. ಹೆಂಗಸರು ತಲೆ ಎತ್ತದೆ ಬರೆದುಕೊಳ್ಳುತ್ತಿದ್ದರು.

"ಎಲ್ಲಿ, ಯಾರಾದ್ರೂ ಹೇಳಿ" ಎಂದರು ಮ್ಯಾನೇಜರಮ್ಮ. "ಮೂಗಿನ ಬಗ್ಗೆ ಹೇಳುವಾಗ ರನ್ ಅಂದ್ರೆ ಏನು?"

ನೆಗಡಿಯಾಗಿದ್ದವಳೊಬ್ಬಳು ಎದ್ದು ನಿಂತು, "ಏಳು, ಅಮ್ಮಾ" ಎಂದಳು.

"ಏಳು ಅಂದ್ರೆ?"

"ಏಳನೇ ನಂಬರು. ನಲ್ಲಿ ನಾಲ್ಕು, ಮೆಷೀನು ಎರಡು."

ವಾರ್ಡಿನಿಂದ ಗಂಟು ಬಂದ ಕೂಡಲೇ ನಂಬರಿನ ಚೀಟಿ ಕಟ್ಟುವ ಕೈಗಳು ಅವು. ಅರ್ಥಗಳಿಗೂ ಹಾಗೇ ಒಂದೊಂದು ಚೀಟಿ ಕಟ್ಟಿ, ಗಂಟು ಬಿಚ್ಚದೆ ಪಕ್ಕಕ್ಕಿಟ್ಟಿದ್ದವು. ಯಾರೂ ನಗಲಿಲ್ಲ. ಮ್ಯಾನೇಜರಮ್ಮ ಪೆನ್ನಿನ ಮುಚ್ಚಳ ತೆಗೆದದ್ದು ಹುಡುಗಿಗೆ ಅಷ್ಟು ದೂರದಿಂದಲೂ ಕೇಳಿಸಿತು. ಏನೋ ಹೇಳಲು ಹೋದಳು.

"ಅಲ್ಲ ಟೀಚರಮ್ಮ" ಎಂದಳು ಇಸ್ತ್ರಿ ಅಕ್ಕ. ಅಲ್ಲಿದ್ದವರಲ್ಲೆಲ್ಲ ಹಿರಿಯಳು, ಮೂವತ್ತು ವರ್ಷದ ಬಿಸಿಗೆ ಅಂಗೈ ಗಟ್ಟಿಯಾಗಿತ್ತು. "ಬೇಜಾರು ಮಾಡ್ಕೋಬೇಡಿ. ಹೊಸ ಬಟ್ಟೆ ಬಂದ್ರೆ ನಾವು ಪೂರ್ತಿ ನೆನೆಸಿಬಿಡ್ತೀವಾ? ಮೊದಲು ಮೂಲೆ ಒದ್ದೆ ಮಾಡಿ ನೋಡ್ತೀವಿ. ನೀವು ಒಂದೇ ಸಲಕ್ಕೆ ಇಡೀ ಗಂಟು ನೀರಿಗೆ ಹಾಕ್ಬಿಟ್ರಿ."

ಹುಡುಗಿ ಬೋರ್ಡು ನೋಡಿದಳು, ಮೇಜು ನೋಡಿದಳು. ಮೇಜಿನ ತುದಿಯಲ್ಲಿ ಇನ್ನೂ ನೀರು ಮುಟ್ಟದ ಕೆಂಪು ಪರದೆಗಳಿದ್ದವು. ಏನು ಮಾಡುತ್ತಿದ್ದೇನೆಂದು ಯೋಚಿಸುವ ಮೊದಲೇ ಒಂದರ ಮೂಲೆ ಹಿಡಿದು ನಲ್ಲಿಗೆ ಒಡ್ಡಿ, ಬಿಳಿ ಚಿಂದಿಯೊಂದರಲ್ಲಿ ಒತ್ತಿ ಎತ್ತಿದಳು. ಚಿಂದಿಯ ಮೇಲೆ ಕೆಂಪು ನಿಧಾನವಾಗಿ ಹರಡಿತು.

"ದಿ ಕಲರ್ ರನ್ಸ್" ಎಂದಳು. ದನಿ ಸಣ್ಣಗಿತ್ತು, ಆದರೆ ಬಂದಿತ್ತು.

"ಬಣ್ಣ ಬಿಡತ್ತೆ" ಎಂದವು ನಾಲ್ಕಾರು ಬಾಯಿಗಳು ಒಟ್ಟಿಗೇ.

"ಓ, ಇದಾ?" ಎಂದಳು ಸೋಪಿನ ಉಸ್ತುವಾರಿ ನೋಡುವ ಚಿಕ್ಕಮ್ಮ. ಎದ್ದು ಹೋಗಿ ನಲ್ಲಿ ಪೂರ್ತಿ ತಿರುಗಿಸಿದಳು. "ದಿ ಟ್ಯಾಪ್ ರನ್ಸ್. ನೀರು ಹರಿಯತ್ತೆ. ಸರಿನಾ?"

"ಸರಿ. ಈಗ ನಿಲ್ಲಿಸಿ" ಎಂದಳು ಹುಡುಗಿ. ಎಲ್ಲರೂ ನಕ್ಕರು.

ನೆಗಡಿಯವಳು ತನ್ನ ಮೂಗು ತೋರಿಸಿದಳು. "ಮೈ ನೋಸ್ ರನ್ಸ್. ಮೂರು ದಿನದಿಂದ ಸುರೀತಿದೆ, ಏಳನೇ ನಂಬರು ಅಂತ ಕೂತಿದ್ದೆ ನೋಡಿ."

"ದಿ ಮೆಷೀನ್ ರನ್ಸ್" ಎಂದಳು ಇನ್ನೊಬ್ಬಳು.

"ನಮ್ಮ ಹಳೇದು ಎಲ್ಲಿ ಓಡತ್ತೆ, ಕುಂಟತ್ತೆ."

"ಒಂದು ಮಾತಿಗೆ ಇಷ್ಟು ಕೆಲಸನಾ? ನನ್ನ ಹಾಗೇ ಆಯ್ತು ಇದು. ಕರೆದವರ ಮನೆಗೆಲ್ಲ ಹೋಗತ್ತೆ."

ಇಸ್ತ್ರಿ ಅಕ್ಕ ಬೋರ್ಡಿನ ಮೇಲೆ ಬೆರಳಾಡಿಸುತ್ತಾ ಒಂದು ಸಾಲಿನ ಹತ್ತಿರ ನಿಂತಳು. ಹುಡುಗಿ ಓದಿ ಹೇಳಿದಳು: ನಡೆಸುವುದು. ಅಕ್ಕ ಹಿಂದಕ್ಕೆ ತಿರುಗಿ ಮ್ಯಾನೇಜರಮ್ಮನನ್ನೇ ನೋಡುತ್ತಾ, ಪದ ಪದ ಬಿಡಿಸಿ, "ಶೀ ರನ್ಸ್ ದಿ ಲಾಂಡ್ರಿ" ಎಂದಳು.

"ಕೂತ ಜಾಗದಿಂದ ಏಳದೆ" ಎಂದು ಯಾರೋ ಮೆಲ್ಲಗೆ ಸೇರಿಸಿದರು.

ಮ್ಯಾನೇಜರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. "ಬೆಲ್ ಹೊಡೆದು ಎರಡು ನಿಮಿಷ ಆಯ್ತು. ನನ್ನನ್ನ ನೀವೇ ಓಡಿಸ್ತಿರೋದು" ಎಂದು ಹಾಳೆಗೆ ಸಹಿ ಹಾಕಿದರು. ಬಾಗಿಲ ಹತ್ತಿರ ಹುಡುಗಿಗೆ ಹೇಳಿದರು: "ಸೋಮವಾರದಿಂದ ಪಾಠ ಈ ಕೋಣೇಲಿ ಬೇಡ, ಮೆಷೀನ್ ಹತ್ತಿರ ಮಾಡಿ. ಅಲ್ಲಿ ಗದ್ದಲ. ಜೋರಾಗಿ ಮಾತಾಡಬೇಕಾಗತ್ತೆ."

"ಮಾತಾಡ್ತೀನಿ" ಎಂದಳು. ಅಷ್ಟು ಜೋರಾಗಿ ಹೇಳಬೇಕೆಂದಿರಲಿಲ್ಲ.

ಹೆಂಗಸರು ಒಬ್ಬೊಬ್ಬರಾಗಿ ಹೋದರು. ಆಚೆ ಮೆಷೀನುಗಳು ಶುರುವಾದವು. ಹುಡುಗಿ ಗೋಡೆಗೊರಗಿ ನಿಂತಳು. ಇಸ್ತ್ರಿ ಅಕ್ಕ ಬೋರ್ಡು ಒರೆಸಲು ಚಿಂದಿ ಹುಡುಕುತ್ತಿದ್ದವಳು ಅವಳ ಮುಷ್ಟಿ ನೋಡಿದಳು.

"ಹೊಸದಾ ಅದು? ಕೊಡಿ ಇಲ್ಲಿ. ಕೈಗೆಲ್ಲ ನೀಲಿ ಹತ್ತಿರತ್ತೆ."

ಬೆವರಿಗೆ ಒದ್ದೆಯಾಗಿದ್ದ ಕರವಸ್ತ್ರವನ್ನು ಬಿಡಿಸಿ, ಅದರ ಮೂಲೆಯನ್ನು ಶುಭ್ರವಾದ ಬಿಳಿ ಚಿಂದಿಯೊಳಗಿಟ್ಟು ಹೆಬ್ಬೆರಳಿಂದ ಒತ್ತಿದಳು. ಬಾಯಲ್ಲೇ ಹತ್ತು ಎಣಿಸಿದಳು. ಆಮೇಲೆ ಚಿಂದಿ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದಳು. ಇಬ್ಬರೂ ನೋಡಿದರು. ಚಿಂದಿ ಬಿಳಿಯಾಗಿಯೇ ಇತ್ತು.