ರಾಣಿಯ ಸೆರಗು

ಕಿಟಕಿಯ ಕೆಳಗೆ ಒಂದು ಮಣೆ. ಮಣೆಯ ಮೇಲೆ ಕೆಂಪು ಮರದ ಇಬ್ಬರು ನಿಂತಿದ್ದಾರೆ: ಗೇಣುದ್ದದ ರಾಜ, ಅವನಿಗಿಂತ ಒಂದು ಬೆರಳಷ್ಟು ಗಿಡ್ಡಳಾದ ರಾಣಿ. ಕಾರ್ತಿಕದ ಎಳೆಬಿಸಿಲು ಕಿಟಕಿಯ ಸರಳುಗಳ ನಡುವೆ ಹಾದು ಪಟ್ಟೆಪಟ್ಟೆಯಾಗಿ ಅವರ ಮೇಲೆ ಬಿದ್ದಿದೆ. ಒಂದು ಪಟ್ಟೆ ರಾಜನ ಪೇಟದ ಜರಿಯ ಮೇಲೆ ನಿಂತಿದೆ. ಇನ್ನೊಂದು ರಾಣಿಯ ಕೊರಳ ಕರಿಮಣಿಯ ಮೇಲೆ. ನಡುವಿನ ನೆರಳಿನಲ್ಲಿ ಅವರ ಕೈಗಳಿವೆ. ಮರದೊಳಗಿಂದ ಪೂರ್ತಿ ಹೊರಬರಲು ಒಪ್ಪದೆ ಮೈಗೇ ಅಂಟಿಕೊಂಡು ಉಳಿದ ಕೈಗಳು. ರಾಜನ ನಿಲುವಂಗಿ ಕೆನೆಬಣ್ಣದ ರೇಷ್ಮೆ. ರಾಣಿಯ ಸೀರೆ ಮಾಗಿದ ನೇರಳೆಯ ಬಣ್ಣದ್ದು, ಅಂಚು ಸಾಸಿವೆ ಹೂವಿನ ಹಳದಿ. ನೆರಿಗೆಗಳು ಯಾರೂ ಇನ್ನೂ ತೆರೆಯದ ಪುಸ್ತಕದ ಹಾಳೆಗಳಂತೆ ಒಂದಕ್ಕೊಂದು ಒರಗಿವೆ. ಇಬ್ಬರ ಕಣ್ಣುಗಳೂ ತೆರೆದಿವೆ. ಮರಕ್ಕೆ ರೆಪ್ಪೆ ಬಡಿಯುವುದು ತಿಳಿಯದು. ಎಲ್ಲವೂ ಒಪ್ಪವಾಗಿದೆ. ಒಪ್ಪವಲ್ಲದ್ದು ಒಂದೇ: ರಾಣಿಯ ಸೆರಗು ಬಲ ಹೆಗಲ ಮೇಲಿದೆ.

ಶಾರದ ಅದನ್ನು ಕಂಡದ್ದು ಸ್ನಾನ ಮುಗಿಸಿ ಬಂದು ಬೊಂಬೆಗಳ ಮುಂದೆ ಕುಳಿತಾಗ. ಮೊದಲು ಏನೋ ತಪ್ಪಿದೆ ಎಂದಷ್ಟೇ ಅನ್ನಿಸಿತು. ಪರಿಚಿತ ಮುಖವೊಂದನ್ನು ಕನ್ನಡಿಯಲ್ಲಿ ನೋಡಿದಾಗ ಆಗುವಂಥ ಕಸಿವಿಸಿ. ಆಮೇಲೆ ತಿಳಿಯಿತು. ಇಪ್ಪತ್ತು ವರ್ಷ ಬಲಗೈ ಮಾಡುತ್ತ ಬಂದ ಕೆಲಸವನ್ನು ಈಚೆಗಷ್ಟೇ ಎಡಗೈ ಕಲಿತಿತ್ತು. ಕಲಿತದ್ದನ್ನು ಅದು ಕನ್ನಡಿಯೊಳಗಿನವಳಂತೆ ಕಲಿತಿತ್ತು. ನೆರಿಗೆ ಅತ್ತಲಿಂದ ಇತ್ತ, ಸೆರಗು ಇತ್ತಲಿಂದ ಅತ್ತ. ಹಿಂದಿನ ಸಂಜೆ ಬೊಂಬೆಯನ್ನು ಹಿಡಿದುಕೊಂಡಿದ್ದ ಗಂಡ ಗೋವಿಂದರಾಜು ಕೊನೆಯ ಗುಂಡುಸೂಜಿ ಚುಚ್ಚಿದ ಮೇಲೆ, "ರಾಣಿ ಅಂದ್ರೆ ಇವಳು ಕಣೇ" ಎಂದು ಸಂತೋಷಪಟ್ಟಿದ್ದರು. ಸೆರಗು ಯಾವ ಹೆಗಲ ಮೇಲಿರಬೇಕೆಂದು ಗಂಡಸಿಗೆ ಹೇಗೆ ತಿಳಿಯಬೇಕು? ಈಗ ಅವರು ಕಡಕೊಳದ ಕಾರ್ಖಾನೆಯಲ್ಲಿ ಮೊದಲ ಪಾಳಿಯಲ್ಲಿದ್ದರು. ಮನೆಗೆ ಬರುವುದು ಮಧ್ಯಾಹ್ನ ಕಳೆದ ಮೇಲೆ.

ಮದುವೆಯಾಗಿ ಹೋಗುವ ಮಗಳ ಕೈಗೆ ತವರಿನವರು ಪಟ್ಟದ ಬೊಂಬೆಗಳ ಜೋಡಿಯನ್ನು ಇಡುವುದು ಮೈಸೂರಿನ ಹಲವು ಮನೆಗಳ ರೂಢಿ. ನವರಾತ್ರಿಯಲ್ಲಿ ಆ ರಾಜರಾಣಿಯರು ಮೇಲಿನ ಮೆಟ್ಟಿಲಲ್ಲಿ ಕೂರುತ್ತಾರೆ. ಉಳಿದ ಬೊಂಬೆಗಳೆಲ್ಲ ಅವರ ಪ್ರಜೆಗಳು. ಬರಿಯ ಮರವಾಗಿ ಬಂದ ಅವರಿಗೆ ಸೀರೆ, ಪೇಟ, ಒಡವೆಗಳನ್ನು ತೊಡಿಸುವವಳೆಂದರೆ ಕುವೆಂಪುನಗರದಲ್ಲಿ ಶಾರದ. ಅವಳ ಕೈಯಲ್ಲಿ ಸಾಸಿವೆಯಷ್ಟು ಮಣಿಗಳು ಕೊರಳ ಅಡ್ಡಿಕೆಯಾಗುತ್ತಿದ್ದವು, ಹಳೆಯ ರವಿಕೆಯ ಜರಿ ಕಿರೀಟವಾಗುತ್ತಿತ್ತು.

ಆ ವರ್ಷ, ತೊಂಬತ್ತೆಂಟರ ಜನವರಿಯಲ್ಲಿ, ಒಂದು ಬೆಳಿಗ್ಗೆ ಅವಳ ಬಲಗೈ ಕಾಫಿಯ ಲೋಟವನ್ನು ಬಿಟ್ಟುಬಿಟ್ಟಿತು. ಪಾರ್ಶ್ವವಾಯು ಎಂದರು ಡಾಕ್ಟರು. ಮಾತು ವಾರದೊಳಗೆ ಮರಳಿತು, ನಡಿಗೆ ತಿಂಗಳೊಳಗೆ. ಕೈ ಮರಳಲಿಲ್ಲ. ಮೈಯಲ್ಲೇ ಇದ್ದೂ ಊರು ಬಿಟ್ಟು ಹೋದವರಂತೆ ಅದು ಮಡಿಲಲ್ಲಿ ಮಲಗಿರುತ್ತಿತ್ತು. ಬೇಸಿಗೆಯುದ್ದಕ್ಕೂ ಶಾರದ ಮಣಿಗಳ ಡಬ್ಬಿಯನ್ನು ತೆರೆಯಲಿಲ್ಲ. ಮಳೆಗಾಲದ ಒಂದು ಮಧ್ಯಾಹ್ನ, ಅಡುಗೆಮನೆಯಲ್ಲಿ ಆಲೂಗಡ್ಡೆ ಹೆಚ್ಚಲಾಗದೆ ಅದನ್ನೇ ನೋಡುತ್ತ ಕುಳಿತಿದ್ದಾಗ, ಅವಳಿಗೆ ಒಂದು ಉಪಾಯ ಹೊಳೆಯಿತು. ಆಲೂಗಡ್ಡೆಗೆ ಸೂಜಿಯನ್ನು ನೆಟ್ಟಗೆ ಚುಚ್ಚಿದಳು, ಕಣ್ಣು ಮೇಲಕ್ಕೆ. ಎಡಗೈಯಲ್ಲಿ ದಾರ ಹಿಡಿದು ಆ ಕಣ್ಣನ್ನು ಹುಡುಕತೊಡಗಿದಳು. ಮಳೆ ನಿಂತಿತು, ಬೀದಿಯಲ್ಲಿ ಮಕ್ಕಳು ಆಟಕ್ಕೆ ಇಳಿದರು, ದಾರ ಇನ್ನೂ ಸೂಜಿಯ ಅಕ್ಕಪಕ್ಕದಲ್ಲೇ ಅಲೆಯುತ್ತಿತ್ತು. ಕೊನೆಗೆ ಅದು ಒಳಗೆ ಹೋದಾಗ ಶಾರದ ಗಟ್ಟಿಯಾಗಿ ನಕ್ಕಳು. ಯಾರೂ ಇಲ್ಲದ ಮನೆಯಲ್ಲಿ ತನ್ನದೇ ನಗೆಯನ್ನು ಕೇಳಿ ಮತ್ತೊಮ್ಮೆ ನಕ್ಕಳು.

ಆದರೆ ಕೈ ಕಲಿತರಾಯಿತೇ? ವರಮಹಾಲಕ್ಷ್ಮಿಯ ಹಬ್ಬಕ್ಕೆ ಎದುರು ಬೀದಿಯ ಸುಮಿತ್ರಮ್ಮ ದೇವಿಗೊಂದು ಮಣಿಹಾರ ಹೇಳಿದ್ದರು. ಒಯ್ಯಲು ಬಂದಾಗ ಶಾರದ ಎಡಗೈಯಲ್ಲಿ ಕೊನೆಯ ಮಣಿ ಪೋಣಿಸುತ್ತಿದ್ದುದನ್ನು ನೋಡಿದರು, ಹಾರವನ್ನು ತೆಗೆದುಕೊಂಡು ಹೋದರು. ಹಬ್ಬದ ಸಂಜೆ ಕುಂಕುಮಕ್ಕೆ ಹೋದ ಶಾರದಳಿಗೆ ಆ ಹಾರ ದೇವಿಯ ಕೊರಳಲ್ಲಿ ಕಾಣಲಿಲ್ಲ. ಅದು ಕ್ಯಾಲೆಂಡರಿನ ಪಕ್ಕದ ಮೊಳೆಯಲ್ಲಿ ತೂಗುತ್ತಿತ್ತು. ಆ ದಸರೆಯಲ್ಲಿ ಯಾವ ಮನೆಯಿಂದಲೂ ಬೊಂಬೆ ಬರಲಿಲ್ಲ.

ಬಂದದ್ದು ಈಗ, ಪಾರ್ವತಮ್ಮನ ಮನೆಯಿಂದ. ಮೊಮ್ಮಗಳು ನಿಶ್ಚಿತಾಳ ಮದುವೆಯ ಜೋಡಿ. ಬಡಾವಣೆಯ ಅರ್ಧ ಮದುವೆಗಳಿಗೆ ಪಾರ್ವತಮ್ಮನೇ ಹಿರಿಯರು. ಅವರು ಒಪ್ಪಿದ್ದನ್ನು ಉಳಿದವರು ಒಪ್ಪುತ್ತಿದ್ದರು, ಅವರು ಬಿಟ್ಟದ್ದನ್ನು ಬಿಡುತ್ತಿದ್ದರು. ಬೊಂಬೆ ಕೊಟ್ಟುಹೋಗಲು ಅವರು ಬಂದ ದಿನ ಶಾರದ ಬಲಗೈಯನ್ನು ಸೆರಗಿನೊಳಗೆ ಮರೆಮಾಡಿ ಕುಳಿತಿದ್ದಳು. ಮಾತೆಲ್ಲ ಗೋವಿಂದರಾಜುವಿನದೇ. "ಒಂದು ನರ ಹಿಡ್ಕೊಂಡಿದೆ ಅಷ್ಟೇ, ಈಗ ಎಲ್ಲಾ ಸರಿಹೋಗ್ತಾ ಇದೆ."

ಅವರು ಹೋದ ಮೇಲೆ ಶಾರದ ಕೇಳಿದ್ದಳು, "ರೀ, ಯಾಕೆ ಹಾಗಂದ್ರಿ?"

"ಎಡಗೈ ಅಂದ್ರೆ ಬೊಂಬೆ ಇಲ್ಲಿ ಬಿಟ್ಟು ಹೋಗ್ತಿದ್ರಾ? ಶುಭಕಾರ್ಯದ್ದು ಕಣೇ. ಕೆಲಸ ನೋಡ್ಲಿ, ಕೈ ಯಾಕೆ ನೋಡ್ಬೇಕು? ತಗೊಂಡು ಹೋಗೋಕೆ ಸಂಜೆ ನಾನಿರೋವಾಗಲೇ ಬನ್ನಿ ಅಂದಿದೀನಿ. ಡಬ್ಬಕ್ಕೆ ಹಾಕಿ ಕೊಟ್ಬಿಡೋಣ."

ಈ ಜೋಡಿಯೂ ಮೊಳೆಗೆ ಹೋದರೆ ತಾನು ಇನ್ನು ಸೂಜಿ ಮುಟ್ಟುವುದಿಲ್ಲವೆಂದು ಶಾರದ ಯಾರಿಗೂ ಹೇಳದೆ ನಿಶ್ಚಯಿಸಿಕೊಂಡಿದ್ದಳು.

ಗೇಟಿನ ಸದ್ದಾಯಿತು. ಆಟೋದ ಗುಡುಗುಡು ನಿಲ್ಲುವ ಮೊದಲೇ ಪಾರ್ವತಮ್ಮನ ದನಿ ನಡುಮನೆಗೆ ಬಂದಿತ್ತು.

"ಶಾರದಮ್ಮ, ಇದೀರಾ? ಸಂಜೆ ಬೀಗರ ಕಡೆಯೋರು ಬಂದ್ಬುಡ್ತಾರಂತೆ ಕಣ್ರೀ, ಅದಕ್ಕೇ ಈಗಲೇ ಬಂದ್ಬುಟ್ಟೆ. ಆಟೋದೋನು ಉದಯಗಿರಿಯೋನು, ಒಂದು ಗಳಿಗೆ ತಡ ಆದ್ರೆ ಮುಖ ಊದಿಸ್ಕೋತಾನೆ. ಎಲ್ಲಿ ನನ್ನ ರಾಜ?"

ಹಣೆಯಲ್ಲಿ ವಿಭೂತಿ, ಅದರ ಮೇಲೆ ಕುಂಕುಮ, ಎದೆಯ ಮೇಲೆ ಲಿಂಗದ ಬೆಳ್ಳಿಯ ಕರಡಿಗೆ. ಪಾರ್ವತಮ್ಮ ಒಳಗೆ ಬಂದು ಉಸಿರು ತೆಗೆದುಕೊಂಡರು. ಕನ್ನಡಕವನ್ನು ಚೀಲದಲ್ಲಿ ಹುಡುಕತೊಡಗಿದರು. ಗೋವಿಂದರಾಜು ಸಿದ್ಧಮಾಡಿಟ್ಟ ರಟ್ಟಿನ ಡಬ್ಬ ಮಣೆಯ ಪಕ್ಕದಲ್ಲೇ ಇತ್ತು. ಕನ್ನಡಕ ಸಿಕ್ಕುವುದರೊಳಗೆ ಇಬ್ಬರನ್ನೂ ಅದರಲ್ಲಿ ಮಲಗಿಸಿ ಮುಚ್ಚಬಹುದಿತ್ತು. ಎಡಗೈ ಡಬ್ಬದ ಕಡೆಗೆ ಹೋಗಿಯೂ ಹೋಯಿತು. ಮುಚ್ಚಿದ ಡಬ್ಬದೊಳಗೆ, ತಪ್ಪು ಹೆಗಲ ಮೇಲೆ ಸೆರಗು ಹೊದ್ದು, ಆ ರಾಣಿ ಒಂದು ಮದುವೆಮನೆಯ ನಡುವೆ ಹೋಗಿ ನಿಲ್ಲುವ ಚಿತ್ರ ಶಾರದಳ ಕಣ್ಣಿಗೆ ಕಟ್ಟಿತು. ಕೈ ಹಿಂದಕ್ಕೆ ಬಂತು.

"ತಡೀರಿ ಪಾರ್ವತಮ್ಮ. ರಾಣಿ ಸೆರಗು ತಪ್ಪಾಗಿದೆ."

ಪಾರ್ವತಮ್ಮ ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಅಯ್ಯೋ ಹೌದಲ್ರೀ! ಬಲಕ್ಕೆ ಹಾಕ್ಬುಟ್ಟಿದೀರಿ. ನಿಮ್ಮ ಕೈಯಲ್ಲಿ ಇಂಥಾ ತಪ್ಪಾ?"

ಶಾರದ ಸೆರಗಿನ ಮರೆಯಿಂದ ಬಲಗೈಯನ್ನು, ನಿದ್ದೆಹೋದ ಮಗುವನ್ನು ಎತ್ತುವಂತೆ, ಎಡಗೈಯಿಂದ ಎತ್ತಿ ಮೊಣಕಾಲಿನ ಮೇಲೆ ಇಟ್ಟುಕೊಂಡಳು.

"ಈ ಕೈಯಲ್ಲಿ ಅಲ್ಲ. ಇದು ಜನವರಿಯಿಂದ ಏನೂ ಮಾಡಿಲ್ಲ. ಪೇಟ, ಸೀರೆ, ಕರಿಮಣಿ ಎಲ್ಲಾ ಎಡಗೈಯಲ್ಲೇ ಮಾಡಿದ್ದು. ಹೇಳಿದ್ರೆ ನೀವು ಕೊಡಲ್ಲ ಅಂತ ಹೆದರಿಕೊಂಡ್ವಿ."

ಹೊರಗೆ ಆಟೋದವನು ಒಮ್ಮೆ ಹಾರನ್ ಒತ್ತಿದ. ಪಾರ್ವತಮ್ಮ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

"ನಿಮ್ಮ ಯಜಮಾನ್ರು ನರ ಅಂದ್ರು."

"ಹೂಂ."

"ಸುಳ್ಳು ಅನ್ನಿ."

"ಸುಳ್ಳು."

"ಮೇಷ್ಟ್ರ ಥರ ಮುಖ ಇಟ್ಕೊಂಡು ಎಷ್ಟು ಚೆಂದವಾಗಿ ಹೇಳಿದ್ರಲ್ಲ! ಅದಿರ್ಲಿ, ಕೊಡಲ್ಲ ಅಂತ ಯಾಕಂದ್ಕೊಂಡ್ರಿ?"

"ಮದುವೆ ಬೊಂಬೆ... ಎಡಗೈ ಆಗಲ್ಲ ಅಂತ."

ಪಾರ್ವತಮ್ಮನ ಬೆರಳುಗಳು ಎದೆಯ ಕರಡಿಗೆಯನ್ನು ಮುಟ್ಟಿದವು. "ದಿನಾ ಬೆಳಿಗ್ಗೆ ಇದನ್ನ ಬಿಚ್ಚಿ ಪೂಜೆ ಮಾಡ್ತೀನಲ್ಲ, ಲಿಂಗಾನ ಎಲ್ಲಿಟ್ಕೋತೀನಿ ಗೊತ್ತೇನ್ರೀ?" ಎಂದು ಎಡ ಅಂಗೈಯನ್ನು ಚಾಚಿದರು. ವಯಸ್ಸಾದ, ಗೆರೆಗಳು ತುಂಬಿದ ಅಂಗೈ. "ಇಲ್ಲಿ. ದೀಕ್ಷೆ ಆದಾಗಿಂದ ಇಲ್ಲೇ. ಶಿವ ಬಂದು ಕೂರೋ ಕೈಗೆ ನಿಮ್ಮ ರಾಣಿ ಸೀರೆ ಉಡಿಸೋ ಯೋಗ್ಯತೆ ಇಲ್ವಾ?"

ಬಲಗೈಯಲ್ಲಿ ಅರ್ಘ್ಯ ಬಿಡುವ ಮನೆಯಲ್ಲಿ ಹುಟ್ಟಿ ಬೆಳೆದ ಶಾರದಳಿಗೆ ಈ ಮಾತು ಎಂದೂ ಹೊಳೆದಿರಲಿಲ್ಲ. ಇದೇ ಬಡಾವಣೆಯಲ್ಲಿ ಪ್ರತಿದಿನವೂ ನಡೆಯುವ ಪೂಜೆ. ಅವಳು ಆ ಅಂಗೈಯನ್ನೇ ನೋಡುತ್ತ ಕುಳಿತಳು.

"ಕಣ್ಣಲ್ಲಿ ನೀರು ಗೀರು ಬೇಡ ಕಣಮ್ಮ," ಪಾರ್ವತಮ್ಮ ಕುರ್ಚಿಯನ್ನು ಎಳೆದುಕೊಂಡರು. "ಎಡಗೈ ಆಗುತ್ತೆ. ಸುಳ್ಳು ಆಗಲ್ಲ. ಬಲಸೆರಗೂ ಆಗಲ್ಲ. ಈಗಲೇ ಬಿಚ್ಚಿ ಉಡಿಸಿ, ನಾನು ಕೂತಿರ್ತೀನಿ. ಬಂದ್ರೆ ಸರಿ. ಬರಲಿಲ್ಲ ಅಂದ್ರೆ ಬೊಂಬೇನ ಬರೀಮೈಲೇ ತಗೊಂಡು ಹೋಗ್ತೀನಿ, ನನ್ನ ಸೊಸೆ ಏನೋ ಒಂದು ಸುತ್ತುತಾಳೆ. ನಮ್ಮ ಹುಡುಗಿ ಮದುವೆ, ಕನಿಕರಕ್ಕೆ ಅಂತ ಕೆಟ್ಟ ಕೆಲಸ ಒಪ್ಕೊಳ್ಳೋಳಲ್ಲ ನಾನು."

ಕನಿಕರವಿಲ್ಲವೆಂಬ ಆ ಮಾತು ಶಾರದಳಿಗೆ ತಂಪೆನಿಸಿತು. ಹತ್ತು ತಿಂಗಳಲ್ಲಿ ಅವಳ ಕೆಲಸವನ್ನು ಕೆಲಸವೆಂದು ಅಳೆದವರು ಇವರೊಬ್ಬರೇ.

ಅವಳು ಅಕ್ಕಿ ತುಂಬಿದ ಪಾತ್ರೆಯಲ್ಲಿ ರಾಣಿಯನ್ನು ಮೊಣಕಾಲಿನವರೆಗೆ ಹೂತಳು, ಕದಲದಂತೆ. ಗುಂಡುಸೂಜಿಗಳನ್ನು ತೆಗೆದು ಆಲೂಗಡ್ಡೆಗೆ ಚುಚ್ಚಿದಳು.

"ಇದೇನ್ರೀ, ಪಲ್ಯಕ್ಕೂ ಹೊಲಿಗೆ ಹಾಕ್ತೀರಾ?"

"ನನ್ನ ಬಲಗೈ ಅದೇ ಈಗ."

ನೇರಳೆ ರೇಷ್ಮೆ ಮಡಿಲಿಗೆ ಇಳಿಯಿತು. ಇಷ್ಟು ದಿನ ಗಂಡನ ಎದುರಿಗಲ್ಲದೆ ಬೇರಾರ ಕಣ್ಣ ಮುಂದೆಯೂ ಅವಳು ಈ ಕೈಯಲ್ಲಿ ಬೊಂಬೆಗೆ ಉಡಿಸಿರಲಿಲ್ಲ. ಸೊಂಟಕ್ಕೆ ಒಂದು ಸುತ್ತು ಬಂದು ನೆರಿಗೆ ಹಿಡಿಯಹೋದಳು, ರೇಷ್ಮೆ ಜಾರಿತು. ಮತ್ತೆ ಹಿಡಿದಳು, ನೆರಿಗೆ ತನ್ನ ಹಳೆಯ ಹಟದಂತೆ ತಪ್ಪು ದಿಕ್ಕಿಗೇ ಮಡಿಚಿಕೊಂಡಿತು. ಪಾರ್ವತಮ್ಮನ ಕೈ ತಾನಾಗಿ ಮುಂದೆ ಬಂತು.

"ಮುಟ್ಟಬೇಡಿ," ಎಂದಳು ಶಾರದ. ತನ್ನ ದನಿಗೆ ತಾನೇ ಬೆಚ್ಚಿದಳು. "ನಾನೇ ಮಾಡ್ತೀನಿ."

ಪಾರ್ವತಮ್ಮ ಕೈ ಹಿಂತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಹೊರಗೆ ಮತ್ತೆ ಹಾರನ್. "ತಡ್ಕೊಳ್ಳಪ್ಪಾ," ಎಂದು ಅವರು ಕಿಟಕಿಯಲ್ಲಿ ಕೂಗಿದರು, "ರಾಣಿಯೋರು ಸೀರೆ ಉಡ್ತಾ ಇದಾರೆ!"

"ಯಾವ ರಾಣಿ ಅಮ್ಮಾ? ಮೀಟರ್ ಓಡ್ತಾ ಇದೆ!"

"ಓಡ್ಲಿ ಬುಡು!"

ಶಾರದ ನಕ್ಕಳು. ಆ ನಗೆಯಲ್ಲಿ ಬಿಗಿದಿದ್ದ ಭುಜ ಸಡಿಲವಾಯಿತು. ಸಡಿಲವಾದ ಕೈಗೆ ತಾನೆಲ್ಲಿ ತಪ್ಪುತ್ತಿದೆ ಎಂದು ಕಂಡಿತು. ಹೆಂಗಸು ಸೀರೆಯನ್ನು ಸೊಂಟದಿಂದ ಉಡಲು ತೊಡಗುತ್ತಾಳೆ, ಸೆರಗು ಕೊನೆಯದು. ಬೊಂಬೆಗೂ ಹಾಗೇ ಉಡಿಸಬೇಕೆಂದು ಯಾರು ಹೇಳಿದರು? ಅವಳು ಸೀರೆಯನ್ನು ಪೂರ್ತಿ ಬಿಚ್ಚಿದಳು. ಸೆರಗಿನ ತುದಿಯನ್ನೇ ಮೊದಲು ಹಿಡಿದು ರಾಣಿಯ ಎಡ ಹೆಗಲಿಗೆ ಸೂಜಿ ಚುಚ್ಚಿದಳು. ಅಲ್ಲಿಂದ ಎದೆಯ ಮೇಲೆ ಇಳಿದು, ಬೆನ್ನ ಹಿಂದೆ ಹೋಗಿ, ಸೊಂಟವನ್ನು ಬಳಸಿ ಬರುವಾಗ ರೇಷ್ಮೆ ಎಡಗೈಗೆ ಬೇಕಾದ ದಿಕ್ಕಿನಲ್ಲೇ ಹರಿಯಿತು. ನೆರಿಗೆಗಳು ಕೊನೆಗೆ ಬಂದವು, ಒಂದೊಂದಾಗಿ, ಕರೆದ ಹೆಸರಿಗೆ ಓಗೊಡುವ ಮಕ್ಕಳಂತೆ. ಇದು ಬಲಗೈ ಕಲಿಸಿದ ಕೆಲಸವಾಗಿರಲಿಲ್ಲ. ಇದನ್ನು ಎಡಗೈಯೇ ಕಂಡುಕೊಂಡಿತ್ತು. ಇಪ್ಪತ್ತು ವರ್ಷದಲ್ಲಿ ತನಗೆ ಇಷ್ಟು ಸಂತೋಷವಾದದ್ದು ಯಾವಾಗ ಎಂದು ಅವಳು ನೆನೆಯಲು ನೋಡಿದಳು, ನೆನಪಾಗಲಿಲ್ಲ.

ಕರಿಮಣಿಯನ್ನು ಕೊರಳಿಗೆ ಬಳಸಿ ದಾರದ ಒಂದು ತುದಿಯನ್ನು ಚಾಚಿದಳು. "ಈಗ ಹಿಡ್ಕೊಳ್ಳಿ. ಗಂಟಿಗೆ ಮಾತ್ರ ಇಬ್ಬರು ಬೇಕು."

ಪಾರ್ವತಮ್ಮ ಆ ತುದಿಯನ್ನು ಹಿಡಿದರು. ಇಬ್ಬರೂ ಎಳೆದರು. ಗಂಟು ಕೂತಿತು.

ರಾಣಿಯನ್ನು ಅಕ್ಕಿಯಿಂದ ಎತ್ತಿ ರಾಜನ ಪಕ್ಕ ನಿಲ್ಲಿಸಿದಾಗ ಪಾರ್ವತಮ್ಮ ಬಹಳ ಹೊತ್ತು ನೋಡಿದರು. ಒಂದು ನೆರಿಗೆಯನ್ನು ಉಗುರಿನಿಂದ ತಟ್ಟಿ ಪರೀಕ್ಷಿಸಿದರು. ಹೊಗಳಲಿಲ್ಲ. "ಮುಂದಿನ ದಸರಾಕ್ಕೆ ನನ್ನ ಹಳೇ ಜೋಡಿ ಕಳಿಸ್ತೀನಿ," ಎಂದರು. "ಆ ರಾಜಂಗೆ ಮೂಗು ಹೋಗಿದೆ. ನಗಬೇಡಿ ಮತ್ತೆ. ನಮ್ಮ ಮನೆಯವರ ಥರಾನೇ ಮೂಗಿನ ತುದೀಲಿ ಕೋಪ, ಅದಕ್ಕೇ ಹೋಯ್ತು. ಸುಮಿತ್ರಮ್ಮಂಗೂ ಹೇಳ್ತೀನಿ, ಅವರದ್ದೂ ಕಳಿಸ್ಲಿ."

"ಅವರು ಕಳಿಸ್ತಾರೋ ಇಲ್ವೋ."

"ಇಲ್ದಿದ್ರೆ ಬುಡ್ಲಿ. ಅವರ ರಾಣಿ ಹಳೇ ಸೀರೇಲಿ ಕೂತ್ಕೊಳ್ಲಿ."

ಮುತ್ತೈದೆ ಕುಂಕುಮವಿಲ್ಲದೆ ಹೋಗಬಾರದು. ಇಷ್ಟು ದಿನ ಬಂದವರೆಲ್ಲ ಗೂಡಿನಲ್ಲಿಟ್ಟ ಬಟ್ಟಲಿನಿಂದ ತಾವೇ ತೆಗೆದುಕೊಂಡು ಹೋಗುತ್ತಿದ್ದರು. ಎಡಗೈಯಲ್ಲಿ ಕೊಡುವುದು ಹೇಗೆಂದು ಶಾರದ ಆ ಹೊತ್ತಿಗೆ ಒಳಗೆ ಸರಿದುಬಿಡುತ್ತಿದ್ದಳು. ಈಗ ಅವಳು ಎದ್ದು ಬಟ್ಟಲನ್ನು ಎಡಗೈಯಲ್ಲಿ ತಂದು ಮುಂದೆ ಹಿಡಿದಳು. ಈ ಸಲ ಒಳಗೆ ಸರಿಯಲಿಲ್ಲ. ಪಾರ್ವತಮ್ಮ ಒಂದು ಚಿಟಿಕೆ ತೆಗೆದು ಹಣೆಗಿಟ್ಟುಕೊಂಡರು. ಇನ್ನೊಂದು ಚಿಟಿಕೆಯನ್ನು ಶಾರದಳ ಹಣೆಗಿಟ್ಟರು.

"ಡಬ್ಬ ಇದೆ, ಹಾಕಿ ಕೊಡ್ಲಾ?"

"ಯಾಕೆ, ಕದ್ದ ಮಾಲಾ? ಹೀಗೇ ಹಿಡ್ಕೊಂಡು ಹೋಗ್ತೀನಿ. ದಾರೀಲಿ ನೋಡೋರು ನೋಡ್ಲಿ."

ಒಂದು ತೋಳಿನಲ್ಲಿ ರಾಜ, ಇನ್ನೊಂದರಲ್ಲಿ ರಾಣಿ. ಹೊಸ್ತಿಲು ದಾಟಿದ ಪಾರ್ವತಮ್ಮ, ಕೈ ಬಿಡುವಿಲ್ಲದೆ, ಮೊಣಕೈಯಿಂದ ಬಾಗಿಲನ್ನು ತಮ್ಮ ಹಿಂದೆ ಎಳೆದುಕೊಂಡರು. ಅದು ಮೆಲ್ಲಗೆ ಬಂದು, ಚೌಕಟ್ಟಿಗೆ ತಾಗಿ, ಮುಚ್ಚಿಕೊಂಡಿತು.